ಏಳು ಏಳು ಏಳು ಎಂಬ ಸೋಮಾರಿ ಸೂತ್ರ



ಈ ಸಲದ ಬರಹದಲ್ಲಿ ತುಸು ಖಾರವಿರುತ್ತದೆ. ನಿಮ್ಮಲ್ಲಿ ಕೆಲವರಿಗೆ ನೇರವಾಗಿಯೇ ತಾಗಬಹುದು, ತಾಗಲೆಂದೇ ಬರೆಯುತ್ತಿದ್ದೇನೆ. 34 ವರ್ಷ ಗಣಿತ ಕಲಿಸಿ ನಿವೃತ್ತನಾದವನಿಗೆ ಶಿಷ್ಯರನ್ನು ಗದರಿಸುವ ಹಕ್ಕೂ ಪಿಂಚಣಿಯ ಜೊತೆಗೇ ಬಂದಿರುತ್ತದೆ ಎಂಬುದು ನನ್ನ ನಂಬಿಕೆ.

ನಮ್ಮೂರಿನ ವಾಚನಾಲಯಕ್ಕೆ 2018ರಲ್ಲಿ ನೀವೇ ಕೆಲವರು ಸೇರಿ ಐದು ಹಳೆಯ ಗಣಕಯಂತ್ರಗಳನ್ನು ಕೊಡಿಸಿದಿರಿ. ಅವುಗಳಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿದವನೂ ನನ್ನ ಶಿಷ್ಯನೇ. ಒಳ್ಳೆಯ ಕೆಲಸಗಾರ. ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಪ್ರತ್ಯೇಕ ಖಾತೆಗಳನ್ನು ಮಾಡಿಕೊಟ್ಟ. ಯಂತ್ರದ ಆಡಳಿತವನ್ನು ನಡೆಸುವ ಅಧಿಕಾರವನ್ನು ಎರಡು ಖಾತೆಗಳಿಗೆ ಇಟ್ಟ. ಒಂದು ಅವನದು, ಇನ್ನೊಂದು ನನ್ನದು. ಮೊದಲ ದಿನ ನಾನು ಆ ಅಧಿಕಾರ ಬಳಸಲು ಹೋದಾಗ ಯಂತ್ರ ನನ್ನ ಗುಪ್ತಪದ ಕೇಳಿತು. ಒತ್ತಿದ ಅಕ್ಷರಗಳು ಒಂದೂ ಪರದೆಯ ಮೇಲೆ ಮೂಡಲಿಲ್ಲ, ಚುಕ್ಕೆ ಕೂಡ ಇಲ್ಲ. ಕೀಲಿಮಣೆ ಕೆಟ್ಟಿದೆಯೆಂದು ಅದನ್ನು ತಲೆಕೆಳಗು ಮಾಡಿ ಕೊಡವಿದ್ದನ್ನು ಕಂಡು ಮಕ್ಕಳು ನಕ್ಕಿದ್ದು ಇನ್ನೂ ನೆನಪಿದೆ. ಅದು ಹಾಗೆಯೇ ಇರುವುದಂತೆ; ಪಕ್ಕದವರಿಗೆ ಗುಪ್ತಪದದ ಉದ್ದವೂ ತಿಳಿಯಬಾರದು.

ಆ ಆಜ್ಞೆಯ ಹೆಸರು ಸುಡೊ. ನಮ್ಮ ಕಿವಿಗೆ ಅದು 'ಸುಡು' ಎಂದೇ ಕೇಳುತ್ತದೆ. ಕೈ ಸುಟ್ಟುಕೊಂಡವರಿಗೆ ಹೆಸರು ಸರಿಯಾಗಿಯೇ ಇದೆ ಅನ್ನಿಸುತ್ತದೆ. 1980ರ ಸುಮಾರಿಗೆ ಅಮೆರಿಕದ ಬಫಲೋ ನಗರದ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಬಾಬ್ ಕಾಗ್ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಎಂಬಿಬ್ಬರು ಅದನ್ನು ಮೊದಲು ಬರೆದರು. ಯಂತ್ರದಲ್ಲಿ 'ರೂಟ್' ಎಂಬ ಸರ್ವಾಧಿಕಾರಿಯೊಬ್ಬನಿರುತ್ತಾನೆ. ಅವನ ಮಾತಿಗೆ ಎದುರಿಲ್ಲ. ಅವನ ಗುಪ್ತಪದವನ್ನು ಎಲ್ಲರಿಗೂ ಹಂಚುವ ಬದಲು, ನಂಬಿಕಸ್ಥರು ಮಾತ್ರ ತಮ್ಮ ತಮ್ಮ ಗುಪ್ತಪದವನ್ನೇ ಹೇಳಿ, ಒಂದು ಕೆಲಸದ ಮಟ್ಟಿಗೆ ಅವನ ಅಧಿಕಾರವನ್ನು ಎರವಲು ಪಡೆಯಲಿ. ಯಾರು ಯಾವಾಗ ಪಡೆದರೆಂಬುದು ದಾಖಲೆಯಾಗಲಿ. ಇದು ಅದರ ಹಿಂದಿನ ವಿಚಾರ. ಮುಖ್ಯೋಪಾಧ್ಯಾಯರ ಬೀರುವಿನ ಕೀಲಿಯನ್ನು ಪುಸ್ತಕದಲ್ಲಿ ಸಹಿ ಮಾಡಿ ಪಡೆಯುತ್ತಿದ್ದ ನಮಗೆ ಇದೇನೂ ಹೊಸದಲ್ಲ. ಹೊಸ ಯಂತ್ರದಲ್ಲಿ ಮೊದಲ ಸಲ ಸುಡೊ ಬಳಸಿದಾಗ ಅದು ಮೂರು ಬುದ್ಧಿಮಾತು ಹೇಳುತ್ತದೆ: ಇತರರ ಖಾಸಗಿತನವನ್ನು ಗೌರವಿಸು, ಬೆರಳಾಡಿಸುವ ಮೊದಲು ಯೋಚಿಸು, ಅಧಿಕಾರದೊಡನೆ ಹೊಣೆಯೂ ಬರುತ್ತದೆ. ಅದನ್ನು ಓದಿ, ಯಾರೋ ಮೇಷ್ಟರ ಮಗನೇ ಇದನ್ನು ಬರೆದಿರಬೇಕೆಂದುಕೊಂಡೆ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ.

2022ರಲ್ಲಿ ಮಕ್ಕಳಿಗೊಂದು ಕೆಲಸ ಕೊಟ್ಟೆವು. ತಮ್ಮ ಮನೆಯ ಹಿರಿಯರ ಬಾಯಲ್ಲಿ ಉಳಿದಿರುವ ಕಸುಬಿನ ಮಾತುಗಳನ್ನು ಸಂಗ್ರಹಿಸಿ ಗಣಕದಲ್ಲಿ ದಾಖಲಿಸುವುದು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯಿಂದ ಕುಂಬಾರಿಕೆಯ ಪದಗಳನ್ನು ಕೇಳಿ ಬರೆದುಕೊಂಡು ಬರುತ್ತಿದ್ದಳು. ತಿಗರಿ, ಆವಗೆ, ಗುಡಾಣ, ಕುಡಿಕೆ ಇವು ನಮಗೂ ಗೊತ್ತಿದ್ದವು. ಆದರೆ ಮಣ್ಣಿನ ಹದಕ್ಕೆ, ಬೆಂಕಿಯ ಬಣ್ಣಕ್ಕೆ, ಒಡಕು ಮಡಕೆಯ ಸದ್ದಿಗೆ ಆಕೆಯ ಅಜ್ಜಿಯ ಬಳಿ ಇದ್ದ ಹೆಸರುಗಳನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಎಲ್ಲ ಮಕ್ಕಳ ಬರಹಗಳೂ ಒಂದೇ ಕಡೆ ಇರಲೆಂದು ಆಡಳಿತ ಖಾತೆಯಿಂದ ಒಂದು ಸಾಮಾನ್ಯ ಫೋಲ್ಡರನ್ನು ತೆರೆದೆ. ಮಕ್ಕಳು ಅದರಲ್ಲಿ ಬರೆಯಹೋದರೆ 'ಅನುಮತಿ ನಿರಾಕರಿಸಲಾಗಿದೆ' ಎಂದಿತು.

ಅಳವಡಿಸಿದ ಶಿಷ್ಯ ಅಷ್ಟರಲ್ಲಿ ಜರ್ಮನಿಗೆ ಹೋಗಿದ್ದ. ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಇನ್ನೊಬ್ಬನಿಗೆ ಫೋನ್ ಮಾಡಿದೆ. ಅವನು ಸಂದೇಶವೇನೆಂದು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಸಾರ್, ಸುಡೊ ಹಾಕಿ, ಸಿಎಚ್‌ಮಾಡ್ ಹೈಫನ್ ದೊಡ್ಡ ಆರ್ 777 ಅಂತ ಹೊಡೀರಿ, ಮುಂದೆ ಫೋಲ್ಡರ್ ಹೆಸರು. ಎಲ್ಲ ಸರಿಹೋಗುತ್ತೆ" ಎಂದ. ಸರಿಹೋಯಿತು. ಅರ್ಧ ನಿಮಿಷದ ಕೆಲಸ. ನಾನು ಅವನನ್ನು ಮನಸಾರೆ ಹೊಗಳಿದೆ ಕೂಡ.

ಮೂರು ವಾರದ ನಂತರ ಆ ಹುಡುಗಿ ಬಂದು, "ತಾತ, ನನ್ನ ಕಡತ ಕಾಣ್ತಾ ಇಲ್ಲ" ಎಂದಳು. ಎಂಟನೆಯ ತರಗತಿಯ ಹುಡುಗನೊಬ್ಬ, ತುಂಬ ಅಚ್ಚುಕಟ್ಟಿನ ಸ್ವಭಾವದವನು, ಫೋಲ್ಡರಿನಲ್ಲಿ ತನಗೆ ಅರ್ಥವಾಗದ ಹೆಸರಿನ ಕಡತಗಳನ್ನೆಲ್ಲ ಗುಡಿಸಿ ಕಸದ ಬುಟ್ಟಿಗೆ ಹಾಕಿದ್ದ. ಸಾಲದೆಂದು ಬುಟ್ಟಿಯನ್ನೂ ಖಾಲಿ ಮಾಡಿದ್ದ. ಸ್ವಚ್ಛತೆಯ ಪಾಠ ಹೇಳಿದ್ದು ನಾವೇ ತಾನೆ! ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆಕೆ ಸೇರಿಸಿದ್ದ 112 ಪದಗಳು ಅದರಲ್ಲಿದ್ದವು. ಪ್ರತಿಯೊಂದನ್ನು ಬೇರೆಡೆ ತೆಗೆದಿಡದಿದ್ದದ್ದು ನನ್ನ ತಪ್ಪು; ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡುತ್ತೇನೆ.

ಈ 777 ಎಂದರೇನೆಂದು ಗಣಕ ಬಲ್ಲದ ಬಂಧುಗಳಿಗಾಗಿ ಹೇಳುತ್ತೇನೆ. ಲಿನಕ್ಸಿನಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು, ಮತ್ತು ಉಳಿದವರು ಎಂದು ಮೂರು ಬಗೆಯ ಜನ. ಪ್ರತಿಯೊಬ್ಬರಿಗೂ ಒಂದೊಂದು ಅಂಕಿ. ಓದಲು 4, ಬರೆಯಲು 2, ನಡೆಸಲು 1. ಫೋಲ್ಡರಿನ ಮಟ್ಟಿಗೆ ಈ 1 ಎಂದರೆ ಒಳಹೋಗುವ ಅನುಮತಿ. ಬೇಕಾದವನ್ನು ಕೂಡಿದರಾಯಿತು. 4, 2, 1 ಇವನ್ನೇ ಏಕೆ ಆರಿಸಿದರು? ಸೊನ್ನೆಯಿಂದ ಏಳರವರೆಗಿನ ಯಾವ ಮೊತ್ತವೂ ಇವುಗಳಿಂದ ಒಂದೇ ಒಂದು ರೀತಿಯಲ್ಲಿ ಬರುತ್ತದೆ. 6 ಎಂದರೆ ಓದು ಬರಹ ಮಾತ್ರ, ಬೇರೆ ಅರ್ಥಕ್ಕೆ ಆಸ್ಪದವೇ ಇಲ್ಲ. ಎರಡರ ಘಾತಗಳನ್ನು ಕಲಿಸುವಾಗ ಈ ಉದಾಹರಣೆ ನನಗೆ ಗೊತ್ತಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಇಷ್ಟು ಚೆಲುವಾದ ಲೆಕ್ಕವನ್ನು ಮಾಡಿಟ್ಟವರ ಎದುರಿಗೆ ನಿಂತು 'ಎಲ್ಲರಿಗೂ ಎಲ್ಲವೂ' ಎನ್ನುವುದೇ 777. ದೊಡ್ಡ ಆರ್ ಎಂದರೆ ಆ ಫೋಲ್ಡರಿನ ಒಳಗೆ, ಅದರೊಳಗಿನ ಫೋಲ್ಡರಿನ ಒಳಗೆ, ತಳದವರೆಗೂ ಹಾಗೆಯೇ ಮಾಡು ಎಂದು.

ಇನ್ನೊಂದು ಸೂಕ್ಷ್ಮವಿದೆ. ಅದು ತಿಳಿದ ದಿನ ನನಗೆ ನಿದ್ರೆ ಬರಲಿಲ್ಲ. ಆ ಹುಡುಗಿ ಕಡತವನ್ನು ಉಳಿಸಿದ್ದು 777 ಹೊಡೆದ ಮೇಲೆ. ಹೊಸ ಕಡತಕ್ಕೆ ತನ್ನದೇ ಅನುಮತಿಗಳಿರುತ್ತವೆ. ಅವು ಸರಿಯಾಗಿಯೇ ಇದ್ದವು. ಆ ಹುಡುಗ ಅವಳ ಬರಹದಲ್ಲಿ ಒಂದು ಕೊಂಬು, ಒಂದು ಇಳಿ ಕೂಡ ಬದಲಿಸುವಂತಿರಲಿಲ್ಲ. ಆದರೂ ಇಡೀ ಕಡತವನ್ನು ಅಳಿಸಬಲ್ಲವನಾಗಿದ್ದ! ಏಕೆಂದರೆ ಕಡತವನ್ನು ಅಳಿಸುವುದೆಂದರೆ ಫೋಲ್ಡರಿನ ಪಟ್ಟಿಯಿಂದ ಅದರ ಹೆಸರನ್ನು ಹೊಡೆದುಹಾಕುವುದು. ಅದಕ್ಕೆ ಬೇಕಾದುದು ಕಡತದ ಮೇಲಿನ ಹಕ್ಕಲ್ಲ, ಫೋಲ್ಡರಿನ ಮೇಲಿನ ಹಕ್ಕು. ಹಾಜರಿ ಪುಸ್ತಕ ಕೈಗೆ ಸಿಕ್ಕವನು ವಿದ್ಯಾರ್ಥಿಯ ಮೈ ಮುಟ್ಟದೆಯೇ ಅವನನ್ನು ಶಾಲೆಯಿಂದ ತೆಗೆಯಬಹುದಲ್ಲವೇ, ಹಾಗೆ. ನಾನು ಹಾಜರಿ ಪುಸ್ತಕವನ್ನು ಜಗಲಿಯ ಮೇಲಿಟ್ಟು ಬಂದಿದ್ದೆ.

ಬೆಂಗಳೂರಿನ ಶಿಷ್ಯನಿಗೆ ಇದನ್ನು ಹೇಳಿದಾಗ ಅವನು ಹೇಳಿದ ಮಾತು ಇನ್ನೂ ಚುಚ್ಚುತ್ತದೆ. "ಸಾರ್, ಹಳ್ಳಿ ವಾಚನಾಲಯದಲ್ಲಿ ಯಾರು ಕದೀತಾರೆ? ನಿಮಗೆ ಸುಲಭ ಆಗಲಿ ಅಂತ ಹೇಳಿದೆ." ಈ ಉತ್ತರದಲ್ಲಿ ಎರಡು ತಪ್ಪುಗಳಿವೆ. ಅನುಮತಿಗಳು ಇರುವುದು ಕಳ್ಳರಿಗಾಗಿ ಮಾತ್ರವಲ್ಲ. ಹೆಚ್ಚಾಗಿ ನಮ್ಮಂಥ ಒಳ್ಳೆಯವರಿಗಾಗಿ, ನಮ್ಮ ಅವಸರಕ್ಕಾಗಿ, ನಮ್ಮ ಅಚ್ಚುಕಟ್ಟಿಗಾಗಿ. ಎರಡನೆಯದು ಇನ್ನೂ ದೊಡ್ಡದು. ತನ್ನ ಕಚೇರಿಯ ಯಂತ್ರದಲ್ಲಿ ಅವನು 777 ಹೊಡೆಯುತ್ತಾನೆಯೇ? ಹೊಡೆದರೆ ಮರುದಿನ ಮೇಲಧಿಕಾರಿಯ ಮುಂದೆ ನಿಲ್ಲಬೇಕಾದೀತು. ಅಲ್ಲಿ ಆಗದ್ದು ಹಳ್ಳಿಯ ಮಕ್ಕಳಿಗೆ, ಮುದುಕ ಮೇಷ್ಟರಿಗೆ ಆಗಬಹುದು! ಸುಲಭ ಮಾಡುವ ಹೆಸರಿನಲ್ಲಿ ನಮ್ಮನ್ನು ತಿಳಿವಳಿಕೆಯ ಹೊರಗೆ ನಿಲ್ಲಿಸುವ ಈ ದಾಕ್ಷಿಣ್ಯ ನನಗೆ ಬೇಡ.

ಇದಾದ ಮೇಲೆ ಸರಿಪಡಿಸುವ ಹುಮ್ಮಸ್ಸಿನಲ್ಲಿ ಇನ್ನೊಂದು ಅನಾಹುತವಾಯಿತು. ಮಕ್ಕಳಿಗೆಲ್ಲ ಒಂದು ಗುಂಪು ಮಾಡಿ, ಎಲ್ಲ ಖಾತೆಗಳನ್ನೂ ಅದಕ್ಕೆ ಸೇರಿಸಬೇಕೆಂದು ಮತ್ತೊಬ್ಬ ಶಿಷ್ಯ ಸಲಹೆ ಕೊಟ್ಟ. ಸಲಹೆ ಸರಿಯೇ. ಯೂಸರ್‌ಮಾಡ್ ಎಂಬ ಆಜ್ಞೆಯನ್ನು ಫೋನಿನಲ್ಲೇ ಅಕ್ಷರಕ್ಷರವಾಗಿ ಹೇಳಿದ. ಹೈಫನ್ನಿನ ಮುಂದೆ ಸಣ್ಣ ಎ, ದೊಡ್ಡ ಜಿ ಎರಡೂ ಬರಬೇಕಿತ್ತು. ಅವನು ಎ ಹೇಳಲಿಲ್ಲವೋ ನನಗೆ ಕೇಳಿಸಲಿಲ್ಲವೋ, ನಾನು ಬರಿಯ ಜಿ ಒತ್ತಿದೆ. ಎ ಇದ್ದರೆ 'ಇರುವ ಗುಂಪುಗಳ ಜೊತೆಗೆ ಇದನ್ನೂ ಸೇರಿಸು' ಎಂದರ್ಥ. ಇಲ್ಲದಿದ್ದರೆ 'ಉಳಿದ ಗುಂಪುಗಳಿಂದೆಲ್ಲ ತೆಗೆದು ಇದರಲ್ಲಿ ಮಾತ್ರ ಇಡು' ಎಂದರ್ಥ. ಉಬುಂಟುವಿನಲ್ಲಿ ಸುಡೊ ಅಧಿಕಾರವೂ ಸಿಗುವುದು ಸುಡೊ ಎಂಬ ಹೆಸರಿನ ಗುಂಪಿನಲ್ಲಿರುವುದರಿಂದಲೇ. ಹೀಗೆ ನನ್ನ ಕೈಯಾರೆ ನನ್ನನ್ನೇ ವಜಾ ಮಾಡಿಕೊಂಡೆ. ಅಂದು ಏನೂ ತಿಳಿಯಲಿಲ್ಲ. ಒಳಗಿದ್ದವನ ಗುಂಪುಗಳು ಹೊರಹೋಗುವವರೆಗೆ ಹಾಗೆಯೇ ಉಳಿಯುತ್ತವೆ. ಮರುದಿನ ಬೆಳಿಗ್ಗೆ ಸುಡೊ ಎಂದರೆ, ನನ್ನ ಹೆಸರು ಅಧಿಕಾರಸ್ಥರ ಪಟ್ಟಿಯಲ್ಲಿಲ್ಲವೆಂದೂ ಈ ಘಟನೆಯನ್ನು ವರದಿ ಮಾಡಲಾಗುವುದೆಂದೂ ಉತ್ತರ ಬಂತು. ಯಾರಿಗೆ ವರದಿ? ಆ ಯಂತ್ರದ ಆಡಳಿತಗಾರ ನಾನೇ. ವರದಿ ಹೋಗಿ ಬಿದ್ದದ್ದು ಅದರೊಳಗಿನ ದಾಖಲೆ ಕಡತದಲ್ಲಿ. ಅದನ್ನು ತೆರೆದು ಓದಲೂ ನನಗೀಗ ಅಧಿಕಾರವಿರಲಿಲ್ಲ!

ಜರ್ಮನಿಯ ಶಿಷ್ಯನನ್ನು ಅವನ ಗುಪ್ತಪದ ಕೇಳಿದೆ. "ನಾಲ್ಕು ವರ್ಷ ಆಯ್ತು ಸಾರ್, ನೆನಪಿಲ್ಲ" ಎಂದ. ಅವನದೂ ತಪ್ಪೇ. ಮುಖ್ಯೋಪಾಧ್ಯಾಯರಿಗೆ ವರ್ಗವಾದಾಗ ಬೀರು, ಬೀಗ, ನಕ್ಷೆ, ಗೋಳ, ಒಡೆದ ಪ್ರನಾಳದವರೆಗೆ ಎಲ್ಲವನ್ನೂ ಪಟ್ಟಿ ಮಾಡಿ ಚಾರ್ಜು ಕೊಟ್ಟು, ಸಹಿ ಹಾಕಿಸಿಕೊಂಡ ಮೇಲೆಯೇ ಬಸ್ಸು ಹತ್ತುವ ಪದ್ಧತಿ ನಮ್ಮ ಕಾಲದಲ್ಲಿತ್ತು. ದೇಶ ಬಿಟ್ಟು ಹೋಗುವವನು ಒಂದು ಲಕೋಟೆಯಲ್ಲಿ ಒಂದು ಗುಪ್ತಪದ ಬರೆದಿಟ್ಟು ಹೋಗಬಾರದಿತ್ತೇ?

ನನ್ನನ್ನು ಈ ಇಕ್ಕಟ್ಟಿನಿಂದ ಬಿಡಿಸಿದವಳು ಮೈಸೂರಿನಲ್ಲಿರುವ ಶಿಷ್ಯೆ. ಶಾಲೆಯಲ್ಲಿ ಅವಳು ಗಣಿತದಲ್ಲಿ ತೀರ ಮುಂದಿದ್ದವಳಲ್ಲ ಎಂಬುದನ್ನು ಅವಳ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. ಅವಳು ಮೊದಲು ಮಾಡಿದ್ದು ಸೂತ್ರ ಹೇಳುವುದಲ್ಲ. "ಸಾರ್, ಪರದೆ ಮೇಲೆ ಏನಿದೆಯೋ ಒಂದಕ್ಷರ ಬಿಡದೆ ಓದಿ" ಎಂದಳು. ಓದಿದೆ. "ಈಗ ಐಡಿ ಅಂತ ಎರಡಕ್ಷರ ಹೊಡೀರಿ." ಹೊಡೆದೆ. ನಾನು ಯಾರು, ಯಾವ ಯಾವ ಗುಂಪಿನವನು ಎಂಬುದನ್ನೆಲ್ಲ ಯಂತ್ರ ಹೇಳಿತು. ಅದರಲ್ಲಿ ಸುಡೊ ಇರಲಿಲ್ಲ. ಕಾಯಿಲೆ ಸಿಕ್ಕಿತು. ಆಮೇಲೆ ಯಂತ್ರವನ್ನು ಆರಿಸಿ ಹೊತ್ತಿಸಿ, ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು, ಮೂಡಿದ ಪಟ್ಟಿಯಲ್ಲಿ ರಿಕವರಿ ಎಂಬುದನ್ನು ಆರಿಸಿ, ರೂಟ್ ಆಗಿಯೇ ಒಳಹೊಕ್ಕೆ. ಡಿಸ್ಕನ್ನು ಬರೆಯಲು ಬರುವಂತೆ ಮರಳಿ ಜೋಡಿಸಿ, ಈ ಬಾರಿ ಸಣ್ಣ ಎ ಮರೆಯದೆ ನನ್ನನ್ನು ಸುಡೊ ಗುಂಪಿಗೆ ಸೇರಿಸಿಕೊಂಡೆ. ಇದಕ್ಕೆ ಯಾವ ಗುಪ್ತಪದವನ್ನೂ ಅದು ಕೇಳಲಿಲ್ಲವೆಂಬುದನ್ನು ಗಮನಿಸಿ ಬೆಚ್ಚಿದೆ. "ಹೌದು ಸಾರ್, ಯಂತ್ರದ ಮುಂದೆ ಕೂತವನೇ ಕೊನೆಗೆ ಯಜಮಾನ. ಕೋಣೆಗೆ ಬೀಗ ಹಾಕಿ" ಎಂದಳು.

ನಂತರ ಫೋಲ್ಡರು. ಇಲ್ಲಿಯೂ ಅವಳು ನೇರವಾಗಿ ಅಂಕಿ ಹೇಳಲಿಲ್ಲ. ಎಲ್‌ಎಸ್ ಹೈಫನ್ ಎಲ್ ಎಂಬ ಆಜ್ಞೆಯಿಂದ ಒಡೆಯ ಯಾರು, ಗುಂಪು ಯಾವುದು, ಯಾರಿಗೆ ಏನು ಎಂಬುದನ್ನು ಓದಿಸಿದಳು. ಒಡೆತನ ನನಗಿರಲಿ, ಗುಂಪು ಮಕ್ಕಳದಾಗಲಿ, ಇಬ್ಬರಿಗೂ 7, ಹೊರಗಿನವರಿಗೆ 0. ಇದರ ಹಿಂದೆ ಇನ್ನೊಂದು ಅಂಕಿ ಇಡಬಹುದು: 2 ಇಟ್ಟರೆ ಒಳಗೆ ಹುಟ್ಟುವ ಹೊಸ ಕಡತಗಳೆಲ್ಲ ಮಕ್ಕಳ ಗುಂಪಿಗೇ ಸೇರುತ್ತವೆ. 1 ಇಟ್ಟರೆ ಕಡತದ ಒಡೆಯ, ಫೋಲ್ಡರಿನ ಒಡೆಯ ಮತ್ತು ರೂಟ್ ಬಿಟ್ಟು ಬೇರೆಯವರು ಅದನ್ನು ಅಳಿಸಲಾಗದು. ಎರಡೂ ಬೇಕೆಂದರೆ 3. ಕೂಡಿಸಿ ಬಂದದ್ದು 3770. ಆ ಅಂಕಿಯನ್ನು ಬರೆದವನು ನಾನೇ, ಅವಳಲ್ಲ. ಒಟ್ಟು ನಲವತ್ತು ನಿಮಿಷ ಹಿಡಿಯಿತು. ಅರ್ಧ ನಿಮಿಷದ 777ಕ್ಕಿಂತ ಎಂಬತ್ತು ಪಟ್ಟು ಹೆಚ್ಚು, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ಯಂತ್ರಕ್ಕೂ 777 ಹಿಡಿಸದು. ಎಸ್‌ಎಸ್‌ಎಚ್ ಎಂಬ ದೂರಸಂಪರ್ಕದ ತಂತ್ರಾಂಶ, ಗುಪ್ತ ಕೀಲಿಯ ಕಡತವನ್ನು ಇತರರೂ ಓದಬಹುದಾಗಿದ್ದರೆ ಆ ಕೀಲಿಯನ್ನೇ ಮುಟ್ಟುವುದಿಲ್ಲ. ಅಧಿಕಾರಸ್ಥರ ಪಟ್ಟಿಯ ಕಡತವನ್ನು ಯಾರು ಬೇಕಾದರೂ ತಿದ್ದುವಂತೆ ಬಿಟ್ಟರೆ ಸುಡೊ ಕೆಲಸವನ್ನೇ ನಿಲ್ಲಿಸುತ್ತದೆ. ನನ್ನ ಸೋದರಳಿಯ (ಇದನ್ನು ಓದುತ್ತಾನೆ, ಓದಲಿ) ಯಾವುದೋ ಒಂದು ತಂತ್ರಾಂಶ ತೆರೆಯಲಿಲ್ಲವೆಂದು ಯುಎಸ್‌ಆರ್ ಎಂಬ ಇಡೀ ಫೋಲ್ಡರಿಗೆ ದೊಡ್ಡ ಆರ್ ಸಮೇತ 777 ಹೊಡೆದ. ಅಲ್ಲಿಗೆ ಸುಡೊ ಸತ್ತಿತು. ಏಕೆ ಸತ್ತಿತೆಂಬುದು ಸ್ವಾರಸ್ಯವಾಗಿದೆ. ಸುಡೊವಿನ ಒಡೆಯ ರೂಟ್. ಅದರ ಅನುಮತಿ 4755. ಮುಂದಿರುವ ಆ 4, 'ಯಾರೇ ನಡೆಸಿದರೂ ಒಡೆಯನ ಅಧಿಕಾರದಲ್ಲಿ ನಡೆ' ಎಂಬ ಗುರುತು. ಇದು ಯೂನಿಕ್ಸಿನ ಜನಕರಲ್ಲೊಬ್ಬರಾದ ಡೆನ್ನಿಸ್ ರಿಚಿಯವರ ಕಲ್ಪನೆ. 1979ರಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. 777 ಎಂದಾಗ ಆ 4 ಅಳಿಸಿಹೋಯಿತು. ಎಲ್ಲರಿಗೂ ಎಲ್ಲ ಅಧಿಕಾರವನ್ನೂ ಕೊಡಹೋಗಿ, ಅಧಿಕಾರ ಕೊಡುವ ಅಧಿಕಾರವನ್ನೇ ಕಳೆದುಕೊಂಡದ್ದಾಯಿತು. ಮೊದಲು ಯಾವ ಕಡತಕ್ಕೆ ಯಾವ ಅಂಕಿ ಇತ್ತೆಂಬುದನ್ನು ಯಂತ್ರ ಬರೆದಿಟ್ಟುಕೊಳ್ಳುವುದಿಲ್ಲ. ಹಿಂದಕ್ಕೆ ಬರುವ ದಾರಿಯಿಲ್ಲ. ಸೋದರಳಿಯ ಎರಡು ದಿನ ಕುಳಿತು ಎಲ್ಲವನ್ನೂ ಹೊಸದಾಗಿ ಅಳವಡಿಸಿಕೊಂಡ.

'ಸಮಯವಿಲ್ಲ ಸಾರ್' ಎನ್ನುತ್ತೀರಿ. ಇಲ್ಲದಿದ್ದರೆ 'ಈಗ ಬಿಡುವಿಲ್ಲ, ಭಾನುವಾರ ಮಾಡಿ' ಎನ್ನಿ. ನಾನು ಕಾಯುತ್ತೇನೆ, ನನಗೆ ಭಾನುವಾರಗಳ ಕೊರತೆಯಿಲ್ಲ. ಆದರೆ ಅರ್ಧ ನಿಮಿಷವಷ್ಟೇ ಇದೆಯೆಂದು ಅರ್ಧ ನಿಮಿಷದ ಉತ್ತರ ಕೊಡಬೇಡಿ.

ಇಷ್ಟು ಬರೆದು ಕೆಳಗಿಟ್ಟು, ರಾತ್ರಿ ಊಟವಾದ ಮೇಲೆ ಮತ್ತೆ ಓದಿದಾಗ ಒಂದು ಸಂಗತಿ ಕಣ್ಣಿಗೆ ಕುಕ್ಕಿತು. ಬೆಂಗಳೂರಿನ ಆ ಶಿಷ್ಯನಿಗೆ ಪ್ರಶ್ನೆ ಪೂರ್ತಿ ಕೇಳುವ ಮೊದಲೇ ಸೂತ್ರ ಹೇಳಲು ಕಲಿಸಿದವರಾರು? ಹತ್ತನೆಯ ತರಗತಿಯ ಫಲಿತಾಂಶಕ್ಕಾಗಿ ಜನವರಿಯಿಂದ ಮಾರ್ಚಿನವರೆಗೆ ನಾನೇ ನಿಮಗೆಲ್ಲ ಸೂತ್ರಗಳನ್ನು ಉರು ಹೊಡೆಸುತ್ತಿದ್ದೆ. 'ಇಂಥ ಲೆಕ್ಕ ಬಂದರೆ ಈ ಸೂತ್ರ, ಯೋಚಿಸುತ್ತ ಕೂರಬೇಡಿ' ಎಂದು ಹೇಳಿದ್ದು ನನ್ನದೇ ಬಾಯಿ. ಅದರಿಂದ ನಮ್ಮ ಶಾಲೆಗೆ ಒಳ್ಳೆಯ ಹೆಸರು ಬಂತು, ಅವನಿಗೆ ಒಳ್ಳೆಯ ಕಾಲೇಜು ಸಿಕ್ಕಿತು. ಅಂದು ಸೂತ್ರ ಸರಿಯಾಗಿ ನೆನಪಿಟ್ಟುಕೊಳ್ಳದೆ, 'ಯಾಕೆ ಸಾರ್' ಎಂದು ಕೇಳಿ ನನ್ನಿಂದ ಬೈಸಿಕೊಂಡವಳು ಮೈಸೂರಿನವಳು. ಇದನ್ನು ಅಳಿಸಿಬಿಡೋಣವೆಂದೂ ಅನ್ನಿಸಿತು. ಕಡತದ ಒಡೆಯ ನಾನೇ, ಅನುಮತಿಯೂ ಇತ್ತು. ಅಳಿಸಲಿಲ್ಲ.

ಆದರೂ ಜಗಳ ಹಿಂದೆಗೆದುಕೊಂಡಿಲ್ಲ. ನಾನು ಹಾಗೆ ಕಲಿಸಿದೆನೆಂಬುದು ನೀವು ಹಾಗೆಯೇ ಮುಂದುವರಿಸಲು ಕಾರಣವಾಗದು. ಇನ್ನು ಮುಂದೆ ಯಾರಾದರೂ ನನಗೆ ಫೋನಿನಲ್ಲಿ 777 ಎಂದರೆ ನಾನು ಫೋನ್ ಇಟ್ಟುಬಿಡುತ್ತೇನೆ, ಎಷ್ಟೇ ದೊಡ್ಡ ಹುದ್ದೆಯವರಾಗಿರಲಿ. 'ನೀವು ಯಾರ ಖಾತೆಯಲ್ಲಿದ್ದೀರಿ, ಕಡತ ಯಾರದು, ಏನು ಮಾಡಬೇಕೆಂದಿದ್ದೀರಿ' ಎಂದು ಕೇಳುವವರು ಮಾತ್ರ ಮುಂದೆ ಮಾತಾಡಿ.

ವಾಚನಾಲಯದಲ್ಲಿ ಈಗ ಸುಡೊ ಗುಂಪಿನಲ್ಲಿ ನನ್ನ ಜೊತೆಗೆ ಗ್ರಂಥಪಾಲಕಿಯ ಹೆಸರೂ ಇದೆ. ಜರ್ಮನಿಯವನ ಖಾತೆಯನ್ನು ತೆಗೆದಿದ್ದೇನೆ, ಬೇಸರ ಬೇಡ. ಮೂರನೆಯ ಗುಪ್ತಪದವೊಂದು ಅರಗಿನ ಮುದ್ರೆ ಹಾಕಿದ ಲಕೋಟೆಯಲ್ಲಿ ಬೀರುವಿನ ಮೇಲಿನ ಅರೆಯಲ್ಲಿದೆ.

ಆ ಹುಡುಗಿ ಮತ್ತೆ ಅಜ್ಜಿಯ ಮುಂದೆ ಕುಳಿತು ಮೊದಲಿನಿಂದ ಬರೆದಳು. ಈ ಸಲ 94 ಪದಗಳು ಬಂದವು. ಉಳಿದ 18 ಯಾವುವೆಂದು ಅವಳಿಗೂ ನೆನಪಾಗಲಿಲ್ಲ. "ಹೋದ ಸಲವೇ ಹೇಳಿದ್ನಲ್ಲೇ, ಎಷ್ಟು ಸಲ ಹೇಳ್ಲಿ" ಎಂದು ಅಜ್ಜಿ ಗದರಿದರಂತೆ.

ಬೆಂಗಳೂರಿನ ಶಿಷ್ಯ ಯುಗಾದಿಗೆ ಊರಿಗೆ ಬರುತ್ತಾನೆಂದು ಅವನ ತಾಯಿ ಹೇಳಿದರು. ಬರಲಿ. ಒಂದು ಮಧ್ಯಾಹ್ನ ವಾಚನಾಲಯಕ್ಕೆ ಬಂದು ಮಕ್ಕಳಿಗೆ 4, 2, 1ರ ಲೆಕ್ಕ ಹೇಳಲಿ. ಬರುವಾಗ ಪ್ರತಿ ತೆಗೆದಿಡಲು ಎರಡು ಪೆನ್ ಡ್ರೈವ್ ತರಲಿ. ದುಡ್ಡು ನಾನು ಕೊಡುವುದಿಲ್ಲ.